'ನೆಟ್ ಸ್ಲೋ' ಅನ್ನುವುದು ದೂರಲ್ಲ, ಅಂಕಿ ಬರೆದು ಕೊಡಿ

ಮಳೆ ಹಿಡಿಯಿತು ಅಂದರೆ ನಮ್ಮ ಕಡೆ ಎರಡು ಮಾತು ಗ್ಯಾರಂಟಿ. ಒಂದು, "ಮದ್ದು ಬಿಡ್ಲಿಕ್ಕೆ ಒಂದು ದಿನ ಬಿಸಿಲು ಸಿಗ್ತಾ ಇಲ್ಲ." ಇನ್ನೊಂದು, "ನೆಟ್ ಇಲ್ಲ ಮಾರಾಯ್ರೆ."

ಮೊದಲನೆಯದರ ಬಗ್ಗೆ ನಾವೆಲ್ಲ ಲೆಕ್ಕದ ಜನ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹಿಂದಿನ ಸಲ ಬಿಟ್ಟು ಎಷ್ಟು ದಿನ ಆಯಿತು, ಅದರ ಮೇಲೆ ಎಷ್ಟು ಮಿಲಿಮೀಟರ್ ಮಳೆ ಬಿತ್ತು, ಎಲ್ಲ ಬಾಯಲ್ಲೇ ಇರುತ್ತದೆ. ಬೆಳಗ್ಗೆ ಎದ್ದು ಮಳೆಮಾಪಕ ನೋಡಿ ಡೈರಿಯಲ್ಲಿ ಬರೆಯುವವರು ನಮ್ಮ ಸುತ್ತಮುತ್ತ ಎಷ್ಟು ಮನೆಗಳಲ್ಲಿ ಇಲ್ಲ! ಅದೇ ಮನೆಯವರು ಫೋನ್ ಲೈನಿನ ವಿಷಯ ಬಂದರೆ ಮಾತ್ರ "ಸ್ಲೋ ಉಂಟು", "ಹೋಗಿ ಬಂದು ಮಾಡ್ತದೆ", "ದಂಡ ಇದು, ತೆಗೆಸಿಬಿಡುವಾ" ಅಂತ ಮಾತು ಮುಗಿಸುತ್ತಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೇನೆ. ನಮ್ಮ ಮನೆಯ ಮೋಡೆಮ್ ದಿನವಿಡೀ ಆ ತಂತಿಯ ಆರೋಗ್ಯ ಅಳೆದು ಅಂಕಿ ಹಾಕಿಡುತ್ತದೆ. ಅದನ್ನು ಓದಲಿಕ್ಕೆ ಇಂಜಿನಿಯರ್ ಆಗಬೇಕಾಗಿಲ್ಲ. ಐದು ಅಂಕಿ ಓದಲಿಕ್ಕೆ ಕಲಿತರೆ, ತೊಂದರೆ ಮನೆಯೊಳಗೋ, ದಾರಿಯಲ್ಲೋ, ಎಕ್ಸ್‌ಚೇಂಜಿನಲ್ಲೋ ಅಂತ ಮುಕ್ಕಾಲು ಪಾಲು ನಾವೇ ಹೇಳಬಹುದು. ಅಂಕಿ ಇಲ್ಲದ ದೂರಿಗೆ ಅಂಕಿ ಇಲ್ಲದ ಉತ್ತರವೇ ಬರುವುದು. "ಸ್ಲೋ ಉಂಟು" ಅಂದರೆ "ನೋಡ್ತೇವೆ" ಅನ್ನುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು.

ಪೇಟೆಯ ಹತ್ತಿರದವರಿಗೆ ಫೈಬರ್ ಬಂತು. ಅವರು ಇದನ್ನು ಓದಿ ನಗಬಹುದು, ಅವರಿಗೂ ಕೊನೆಯಲ್ಲಿ ಒಂದು ಮಾತು ಉಂಟು. ನಾನು ಬರೀತಿರುವುದು ಗುಡ್ಡೆಯ ಆಚೆಗಿನ, ಹೊಳೆ ಬದಿಯ ಮನೆಗಳಿಗೆ. ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡೆ ಹತ್ತಿ ಗೇರುಮರದ ಬುಡದಲ್ಲಿ ನಿಲ್ಲಬೇಕು. ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರು. ಅಂಥ ಮನೆಗೆ ಆ ಎರಡು ಎಳೆ ತಾಮ್ರದ ತಂತಿಯೇ ಡಾಕ್ಟರು, ಬ್ಯಾಂಕು, ಅಡಿಕೆ ಧಾರಣೆ, ಪಹಣಿ, ಮೊಮ್ಮಕ್ಕಳ ಮುಖ ಎಲ್ಲವೂ. ಅದನ್ನು ಸಿಟ್ಟಿನಲ್ಲಿ ತೆಗೆಸಿದವರು ಇದ್ದಾರೆ. ತೆಗೆಸಿದ ಮೇಲೆ ಮತ್ತೆ ಎಳೆಸುವುದು ಸುಲಭ ಇಲ್ಲ. ಒಂದು ದಾರಿಯಲ್ಲಿ ಹತ್ತು ಕನೆಕ್ಷನ್ ಇದ್ದದ್ದು ಮೂರಕ್ಕೆ ಬಂದರೆ, ಆ ಮೂರು ಮನೆಯ ಕೇಬಲ್ ಸರಿಮಾಡಲಿಕ್ಕೆ ಯಾರಿಗೆ ಉಮೇದು ಇರುತ್ತದೆ ಹೇಳಿ? ಒಬ್ಬರು ತೆಗೆಸಿದರೆ ಪಕ್ಕದ ಮನೆಯದ್ದೂ ಬಡವಾಗುತ್ತದೆ.

ಇನ್ನು ವಿಷಯಕ್ಕೆ.

ತಾಮ್ರದ ಜೋಡಿ ತಂತಿಯಲ್ಲಿ ನಮ್ಮ ಮಾತು ಹೋಗುವುದು ಕೆಳಗಿನ ಸಣ್ಣ ಪಟ್ಟಿಯಲ್ಲಿ, ಸುಮಾರು 4 ಕಿಲೋಹರ್ಟ್ಸ್ ಒಳಗೆ. ಅದರ ಮೇಲಿನ ಜಾಗ ಖಾಲಿ ಬಿದ್ದಿತ್ತು. ಆ ಖಾಲಿ ಜಾಗದಲ್ಲಿ ಇಂಟರ್ನೆಟ್ ಹಾಯಿಸುವುದೇ ಡಿಎಸ್‌ಎಲ್. ಹಳೆಯ ಎಡಿಎಸ್‌ಎಲ್ 1.1 ಮೆಗಾಹರ್ಟ್ಸ್‌ವರೆಗೆ, ಎಡಿಎಸ್‌ಎಲ್ 2 ಪ್ಲಸ್ 2.2 ಮೆಗಾಹರ್ಟ್ಸ್‌ವರೆಗೆ ಬಳಸುತ್ತದೆ. ಇಡೀ ಜಾಗವನ್ನು ಗದ್ದೆಗೆ ಹುಣಿ ಹಾಕಿದ ಹಾಗೆ ಸಣ್ಣ ಸಣ್ಣ ತುಂಡು ಮಾಡಿರುತ್ತಾರೆ. ಎರಡನೆಯದರಲ್ಲಿ ಅಂಥ 512 ತುಂಡು. ಯಾವ ತುಂಡಿನಲ್ಲಿ ಗದ್ದಲ ಕಡಿಮೆಯೋ ಅಲ್ಲಿ ಮೋಡೆಮ್ ಹೆಚ್ಚು ಬಿತ್ತುತ್ತದೆ, ಗದ್ದಲ ಜಾಸ್ತಿ ಇದ್ದಲ್ಲಿ ಕಡಿಮೆ, ತೀರಾ ಹಾಳಾದ ತುಂಡನ್ನು ಹಡಿಲು ಬಿಡುತ್ತದೆ. ಲೈನ್ ಕನೆಕ್ಟ್ ಆಗುವಾಗ ದೀಪ ಮಿಣುಕು ಮಿಣುಕು ಅನ್ನುವುದು ಈ ಗದ್ದೆ ಅಳತೆ ನಡೆಯುವ ಹೊತ್ತು.

ಹಾಗಾಗಿ ಮೊದಲ ಪಾಠ ದೀಪದ್ದು. ಮೋಡೆಮಿನಲ್ಲಿ ಡಿಎಸ್‌ಎಲ್ ಅಥವಾ ಲಿಂಕ್ ಅಂತ ಒಂದು ದೀಪ, ಇಂಟರ್ನೆಟ್ ಅಂತ ಇನ್ನೊಂದು ದೀಪ ಇರುತ್ತದೆ. ಎರಡೂ ಒಂದೇ ಅಂತ ತಿಳಿಯಬೇಡಿ. ಡಿಎಸ್‌ಎಲ್ ದೀಪ ಸ್ಥಿರವಾಗಿ ಉರಿದರೆ ನಿಮ್ಮ ಮನೆಯಿಂದ ಎಕ್ಸ್‌ಚೇಂಜಿನವರೆಗೆ ತಂತಿ ಮಾತಾಡುತ್ತಿದೆ ಅಂತ ಅರ್ಥ. ಅದು ಸ್ಥಿರ ಇದ್ದು ಇಂಟರ್ನೆಟ್ ದೀಪ ಕೆಂಪು ಅಥವಾ ಆರಿದ್ದರೆ ಲೈನ್‌ಮ್ಯಾನ್ ಬಂದು ಕಂಬ ಹತ್ತಿ ಪ್ರಯೋಜನ ಇಲ್ಲ. ಅದು ಯೂಸರ್‌ನೇಮ್, ಪಾಸ್‌ವರ್ಡ್, ಬಿಲ್ ಬಾಕಿ ಅಥವಾ ಎಕ್ಸ್‌ಚೇಂಜಿನಿಂದ ಆಚೆಯ ತೊಂದರೆ. ಡಿಎಸ್‌ಎಲ್ ದೀಪವೇ ಮಿಣುಕುತ್ತಾ ಇದ್ದರೆ ಮಾತ್ರ ತಂತಿಯ ಕಡೆ ನೋಡಬೇಕು.

ಎರಡನೆಯ ಪಾಠ ಮೋಡೆಮಿನ ಒಳಗಿನ ಪುಟ. ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ವೈಫೈ ಹಾಕಿಕೊಂಡು, ಬ್ರೌಸರಿನ ಮೇಲ್ಭಾಗದಲ್ಲಿ 192.168.1.1 ಅಂತ ಹೊಡೆಯಿರಿ. ಹೆಚ್ಚಿನ ಮೋಡೆಮಿಗೆ ಇದೇ ವಿಳಾಸ, ಬೇರೆ ಇದ್ದರೆ ಮೋಡೆಮಿನ ಅಡಿಯ ಚೀಟಿಯಲ್ಲಿ ಬರೆದಿರುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ಈ ಪುಟ ತೆರೆಯುತ್ತದೆ, ಯಾಕೆಂದರೆ ಅದು ಇರುವುದು ನಿಮ್ಮ ಮೋಡೆಮಿನ ಹೊಟ್ಟೆಯಲ್ಲೇ. ಒಳಗೆ ಸ್ಟೇಟಸ್ ಅಥವಾ ಸ್ಟ್ಯಾಟಿಸ್ಟಿಕ್ಸ್, ಅದರಲ್ಲಿ ಡಿಎಸ್‌ಎಲ್. ನೋಡಲಿಕ್ಕಷ್ಟೇ ಹೋಗಿ. ವಿಪಿಐ, ವಿಸಿಐ ಅಂತ ಬರೆದದ್ದನ್ನು ಮುಟ್ಟಬೇಡಿ. ಮುಟ್ಟಿದರೆ ಇದ್ದ ನೆಟ್ಟೂ ಹೋಗುತ್ತದೆ, ಆಮೇಲೆ ನನಗೆ ಬೈಯಬೇಡಿ.

ಅಲ್ಲಿ ಕಾಣುವ ಅಂಕಿಗಳಲ್ಲಿ ನಮಗೆ ಬೇಕಾದ್ದು ಐದು.

ಒಂದು, ಅಟೆನ್ಯುಯೇಶನ್. ಎಕ್ಸ್‌ಚೇಂಜಿನಿಂದ ಹೊರಟ ಸಿಗ್ನಲ್ ನಿಮ್ಮ ಮನೆ ತಲುಪುವಾಗ ಎಷ್ಟು ಸೊರಗಿತು ಅನ್ನುವ ಲೆಕ್ಕ. ಕೆರೆಯ ಪಂಪಿನಿಂದ ಗುಡ್ಡೆಯ ಕೊನೆಯ ಸ್ಪ್ರಿಂಕ್ಲರಿಗೆ ನೀರು ಹೋಗುವಾಗ ಪೈಪಿನ ಉದ್ದಕ್ಕೆ ಒತ್ತಡ ಕಳೆದುಕೊಳ್ಳುವುದಿಲ್ಲವಾ, ಹಾಗೆಯೇ. ಅರ್ಧ ಮಿಲಿಮೀಟರ್ ದಪ್ಪದ ತಂತಿಯಲ್ಲಿ ಕಿಲೋಮೀಟರಿಗೆ ಸುಮಾರು 14 ಡೆಸಿಬಲ್ ಹೋಗುತ್ತದೆ ಅನ್ನುವುದು ವಾಡಿಕೆ ಲೆಕ್ಕ. ತಂತಿ ಅದಕ್ಕಿಂತ ಸಣ್ಣದಿದ್ದರೆ ಇನ್ನೂ ಜಾಸ್ತಿ. ನಿಮ್ಮದು 42 ತೋರಿಸಿದರೆ ಎಕ್ಸ್‌ಚೇಂಜ್ ಸುಮಾರು 3 ಕಿಲೋಮೀಟರ್ ದೂರ ಅಂತ ಅಂದಾಜು. ರಸ್ತೆಯ ದೂರ ಅಲ್ಲ, ಕೇಬಲ್ ಸುತ್ತಿ ಬಂದ ದೂರ. ಈ ಅಂಕಿ ಕಡಿಮೆ ಇದ್ದಷ್ಟು ಒಳ್ಳೆಯದು. 40ರ ಒಳಗಿದ್ದರೆ ಪುಣ್ಯವಂತರು, 40ರಿಂದ 50 ಆಗಬಹುದು, 50 ದಾಟಿದರೆ ಕಷ್ಟ, 60 ದಾಟಿದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಇದರಲ್ಲಿ ಮುಖ್ಯವಾದ ಮಾತು ಬೇರೆ ಉಂಟು. ನಿಮ್ಮ ಮನೆಯೂ ಎಕ್ಸ್‌ಚೇಂಜೂ ಇದ್ದಲ್ಲೇ ಇವೆ, ಹಾಗಾಗಿ ಈ ಅಂಕಿ ಹೆಚ್ಚು ಅಲುಗಾಡಬಾರದು. ಬೇಸಿಗೆಯಲ್ಲಿ 42 ಇದ್ದದ್ದು ಆಟಿಯಲ್ಲಿ 48 ಆಯಿತು ಅಂದರೆ ಮನೆ ದೂರ ಹೋಗಲಿಲ್ಲ, ದಾರಿಯಲ್ಲಿ ಎಲ್ಲೋ ಜಾಯಿಂಟ್ ಹಾಳಾಗಿದೆ.

ಎರಡು, ಎಸ್‌ಎನ್‌ಆರ್ ಮಾರ್ಜಿನ್. ಕೆಲವು ಮೋಡೆಮಿನಲ್ಲಿ ನಾಯ್ಸ್ ಮಾರ್ಜಿನ್ ಅಂತ ಇರುತ್ತದೆ. ತಗಡು ಶೀಟಿನ ಮಾಡಿನ ಅಡಿಯಲ್ಲಿ ಜೋರು ಮಳೆಗೆ ಕೂತು ಮಾತಾಡಿ ಗೊತ್ತುಂಟಲ್ಲ? ಮಳೆಯ ಸದ್ದಿಗಿಂತ ನಮ್ಮ ಸ್ವರ ಎಷ್ಟು ಮೇಲಿರಬೇಕೋ ಅಷ್ಟು ಇಟ್ಟುಕೊಂಡು, ಅದಕ್ಕೂ ಮೇಲೆ ಇನ್ನೆಷ್ಟು ಗಂಟಲು ಬಾಕಿ ಉಂಟು ಅನ್ನುವುದೇ ಮಾರ್ಜಿನ್. ಈ ಅಂಕಿ ಹೆಚ್ಚಿದ್ದಷ್ಟು ಒಳ್ಳೆಯದು. ಸಾಮಾನ್ಯವಾಗಿ 6 ಡೆಸಿಬಲ್ ಇಟ್ಟುಕೊಂಡು ಲೈನ್ ಕನೆಕ್ಟ್ ಆಗುತ್ತದೆ. 6ಕ್ಕಿಂತ ಕೆಳಗೆ ಬಂದರೆ ಹೋಗಿ ಬಂದು ಮಾಡುವುದು ಶುರು. 10ರ ಮೇಲಿದ್ದರೆ ನಿಶ್ಚಿಂತೆ, 20ರ ಮೇಲೆ ಬಹಳ ಚೆಂದ. ಡೆಸಿಬಲ್ ನಮ್ಮ ಕಿಲೋ, ಲೀಟರಿನ ಹಾಗೆ ನೇರ ಲೆಕ್ಕ ಅಲ್ಲ. 3 ಇಳಿದರೆ ಅರ್ಧ ಆದ ಹಾಗೆ, 10 ಇಳಿದರೆ ಹತ್ತರಲ್ಲಿ ಒಂದಾದ ಹಾಗೆ. ಅದಕ್ಕೇ 12 ಇದ್ದದ್ದು 9 ಆದದ್ದನ್ನು ಸಣ್ಣ ವ್ಯತ್ಯಾಸ ಅಂತ ಬಿಡಬೇಡಿ.

ಮೂರು, ಈಗಿನ ರೇಟ್ ಮತ್ತು ಸಾಧ್ಯವಿರುವ ರೇಟ್. ಡೇಟಾ ರೇಟ್ ಅಂತ ಒಂದು, ಮ್ಯಾಕ್ಸ್ ಅಥವಾ ಅಟೈನೇಬಲ್ ರೇಟ್ ಅಂತ ಇನ್ನೊಂದು. ಈಗಿನದು 2048, ಸಾಧ್ಯವಿರುವುದು 7000 ಅಂತ ಉಂಟು ಅಂದುಕೊಳ್ಳಿ. ಅಂದರೆ ನಿಮ್ಮ ತಂತಿ ಗಟ್ಟಿಮುಟ್ಟಾಗಿದೆ, ನೀವು ತೆಗೆದುಕೊಂಡ ಪ್ಲಾನೇ ಸಣ್ಣದು. ಇಂಥವರು ಲೈನ್‌ಮ್ಯಾನಿಗೆ ಬೈದು ಏನು ಬಂತು? ಇನ್ನೊಂದು ಗೊಂದಲ: 2048 ಅಂತ ಇರುವುದು ಕಿಲೋಬಿಟ್. ನಾವು ಡೌನ್‌ಲೋಡ್ ಮಾಡುವಾಗ ಕಾಣುವುದು ಕಿಲೋಬೈಟ್. ಎಂಟರಿಂದ ಭಾಗಿಸಿ, 256 ಬರುತ್ತದೆ. ಅದರಲ್ಲೂ ಹತ್ತನೇ ಒಂದು ಪಾಲಿನಷ್ಟು ಪ್ಯಾಕಿಂಗ್ ಖರ್ಚಿಗೆ ಹೋಗುತ್ತದೆ, ಗೋಣಿಯ ತೂಕ ಕಳೆದ ಹಾಗೆ. ಸೆಕೆಂಡಿಗೆ 220ರಷ್ಟು ಕಿಲೋಬೈಟ್ ಬಂದರೆ ಆ ಲೈನ್ ನಿಮಗೆ ಮೋಸ ಮಾಡಿಲ್ಲ.

ಮಾರ್ಜಿನ್ ಮತ್ತು ರೇಟ್ ಎರಡನ್ನೂ ಒಟ್ಟಿಗೆ ನೋಡಬೇಕು, ಇದು ನೆನಪಿರಲಿ. ಗದ್ದಲ ಇರುವಾಗಲೇ ಲೈನ್ ಕಡಿದು ಮತ್ತೆ ಕನೆಕ್ಟ್ ಆದರೆ ಮೋಡೆಮ್ ರೇಟನ್ನು ಇಳಿಸಿಕೊಂಡು ಮಾರ್ಜಿನ್ನನ್ನು ಮತ್ತೆ 6ಕ್ಕೆ ತಂದು ಕೂರಿಸುತ್ತದೆ. ಮಾರ್ಜಿನ್ ಮಾತ್ರ ನೋಡಿದವರಿಗೆ ಎಲ್ಲ ಸರಿ ಉಂಟು ಅಂತ ಕಾಣುತ್ತದೆ. ರೇಟ್ ನೋಡಿದರೆ 4096 ಇದ್ದದ್ದು 1100ಕ್ಕೆ ಬಂದಿರುತ್ತದೆ.

ನಾಲ್ಕು, ತಪ್ಪುಗಳ ಲೆಕ್ಕ. ಎಫ್‌ಇಸಿ ಅಂತ ಒಂದು, ಸಿಆರ್‌ಸಿ ಅಂತ ಒಂದು. ಎಫ್‌ಇಸಿ ಅಂದರೆ ದಾರಿಯಲ್ಲಿ ಪೆಟ್ಟಾದರೂ ಮೋಡೆಮ್ ತಾನೇ ಸರಿ ಮಾಡಿಕೊಂಡದ್ದು. ಅದು ಲಕ್ಷಗಟ್ಟಲೆ ಇದ್ದರೂ ಗಾಬರಿ ಬೇಡ. ಸಿಆರ್‌ಸಿ ಅಂದರೆ ಸರಿ ಮಾಡಲಿಕ್ಕೆ ಆಗದೆ ಹಾಳಾಗಿ ಹೋದದ್ದು. ಅಡಿಕೆಯಲ್ಲಿ ಪಟೋರ ಒಂದು ಬೆಲೆಗೆ ಹೋಗುತ್ತದೆ, ಕೊಳೆತದ್ದು ಹೋಗುವುದೇ ಇಲ್ಲ ಅಲ್ಲವಾ, ಆ ವ್ಯತ್ಯಾಸ. ಸಿಆರ್‌ಸಿ ದಿನಕ್ಕೆ ನಾಲ್ಕೈದು ಏರಿದರೆ ಏನೂ ಇಲ್ಲ. ನೀವು ನೋಡ್ತಾ ಇದ್ದ ಹಾಗೆ ನಿಮಿಷಕ್ಕೆ ನೂರು ಇನ್ನೂರು ಏರುತ್ತಿದ್ದರೆ ಲೈನಿನಲ್ಲಿ ಖಂಡಿತ ತೊಂದರೆ ಉಂಟು. ವೀಡಿಯೋ ಕಾಲಿನಲ್ಲಿ ಮುಖ ಚೌಕ ಚೌಕ ಆಗುವುದು ಇದರಿಂದಲೇ.

ಐದು, ಲೈನ್ ಎಷ್ಟು ಹೊತ್ತಿನಿಂದ ಕಡಿಯದೆ ನಿಂತಿದೆ ಅನ್ನುವ ಅಪ್‌ಟೈಮ್. ನಾಲ್ಕು ದಿನದಿಂದ ನಿಂತಿದ್ದರೆ ತಂತಿಗೆ ದೋಷ ಹೇಳಬೇಡಿ. ಅರ್ಧ ಗಂಟೆಗೊಮ್ಮೆ ಸೊನ್ನೆಗೆ ಬರುತ್ತಿದ್ದರೆ ಬರೆದಿಡಿ, ಗಂಟೆ ಸಮೇತ.

ಗಂಟೆ ಯಾಕೆ ಅಂದರೆ, ತೊಂದರೆ ಬರುವ ಹೊತ್ತೇ ಅರ್ಧ ಉತ್ತರ ಹೇಳುತ್ತದೆ.

ಮಳೆ ಬಂದಾಗ ಮಾತ್ರ ಹಾಳು, ಬಿಸಿಲಿಗೆ ಸರಿ: ಜಾಯಿಂಟಿಗೆ ನೀರು. ರಿಸೀವರ್ ಎತ್ತಿದರೆ ಗೊರಗೊರ ಸದ್ದೂ ಇರುತ್ತದೆ. ಫೋನ್ ರಿಂಗ್ ಆದ ಕೂಡಲೇ ನೆಟ್ ಕಡಿಯುತ್ತದೆ: ಒಂದೋ ಸ್ಪ್ಲಿಟರ್ ಕೆಟ್ಟಿದೆ ಅಥವಾ ಹಾಕಲೇ ಇಲ್ಲ, ಇಲ್ಲವಾದರೆ ಹಸಿರು ಹಿಡಿದ ಜಾಯಿಂಟ್. ಫೋನ್ ಪೂರ್ತಿ ಸತ್ತಿದೆ, ಆದರೆ ನೆಟ್ ಮಾತ್ರ ಕುಂಟುತ್ತಾ ಬರುತ್ತಿದೆ: ನಂಬಲಿಕ್ಕೆ ಕಷ್ಟ, ಆದರೆ ಇದು ಆಗುತ್ತದೆ. ಎರಡು ಎಳೆಯಲ್ಲಿ ಒಂದು ಕಡಿದಿರುತ್ತದೆ. ಮಾತಿಗೆ ಪೂರ್ತಿ ಸರ್ಕ್ಯೂಟ್ ಬೇಕು, ಮೇಲಿನ ತರಂಗ ಒಂದೇ ಎಳೆಯಲ್ಲೂ ಹೇಗೋ ನುಸುಳುತ್ತದೆ. "ನೆಟ್ ಬರ್ತಾ ಉಂಟಲ್ಲ, ಲೈನ್ ಸರಿ ಉಂಟು" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಕತ್ತಲಾದ ಮೇಲೆ ಮಾರ್ಜಿನ್ ಎರಡು ಮೂರು ಇಳಿಯುತ್ತದೆ: ಇದು ರೋಗ ಅಲ್ಲ. ರಾತ್ರಿ ಮೀಡಿಯಂ ವೇವ್ ರೇಡಿಯೋ ದೂರದೂರದ ನಿಲಯ ಹಿಡಿಯುತ್ತಿದ್ದದ್ದು ಹಳಬರಿಗೆ ನೆನಪಿರಬಹುದು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆ ಬೀಳುವುದೂ ಡಿಎಸ್‌ಎಲ್ ಬಳಸುವ ಪಟ್ಟಿಯೊಳಗೇ. ಕಂಬದಿಂದ ಕಂಬಕ್ಕೆ ನೇತಾಡುವ ನಮ್ಮ ತಂತಿ ಏರಿಯಲಿನ ಹಾಗೆ ಅಂಥ ಅಲೆಗಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಅದಕ್ಕೇ ಹಗಲು 7 ಇದ್ದ ಲೈನ್ ರಾತ್ರಿ ಕಡಿಯುವುದು, 12 ಇದ್ದ ಲೈನ್ ಕಡಿಯದೆ ಉಳಿಯುವುದು.

ಪಂಪ್ ಸ್ಟಾರ್ಟ್ ಮಾಡಿದಾಗ ಸಿಆರ್‌ಸಿ ಒಮ್ಮೆ ಜಿಗಿದು ನಿಂತರೆ ಸ್ಟಾರ್ಟರಿನ ಕಿಡಿ. ಒಂದೊಂದು ಸೆಕೆಂಡಿಗೆ ಟಕ್, ಟಕ್ ಅಂತ ಫೋನಿನಲ್ಲಿ ಕೇಳಿದರೆ, ಅಣ್ಣಂದಿರೇ, ಮೊದಲು ನಿಮ್ಮ ಸೋಲಾರ್ ಬೇಲಿ ನೋಡಿ. ಹಂದಿಗೂ ಆನೆಗೂ ಅಂತ ಹಾಕಿದ ಬೇಲಿಯ ಝಟಕ ಮೆಷಿನ್ ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಪೆಟ್ಟು ಬಿಡುತ್ತದೆ. ತಂತಿಗೆ ಹುಲ್ಲು, ಬಳ್ಳಿ ತಾಗಿದರೆ, ಅರ್ತಿಂಗ್ ಸರಿ ಇಲ್ಲದಿದ್ದರೆ ಆ ಪೆಟ್ಟು ಫೋನ್ ತಂತಿಗೂ ಇಳಿಯುತ್ತದೆ. ನ್ಯೂಜಿಲೆಂಡಿನಲ್ಲಿ ದನದ ಬೇಲಿಗೆ ಕರೆಂಟ್ ಬೇಲಿ ಬಹಳ, ಅಲ್ಲಿನ ರೈತರಿಗೆ ಇದು ಹಳೆಯ ಪರಿಚಯದ ಕಾಟ. ಪರೀಕ್ಷೆ ಸುಲಭ: ಬೇಲಿ ಹತ್ತು ನಿಮಿಷ ಆಫ್ ಮಾಡಿ ಮಾರ್ಜಿನ್ ಮತ್ತು ಸಿಆರ್‌ಸಿ ನೋಡಿ, ಆನ್ ಮಾಡಿ ಮತ್ತೆ ನೋಡಿ. ಮದ್ದೂ ಸುಲಭ: ಬೇಲಿಯ ಬುಡ ಸವರಿ, ಅರ್ತಿಂಗ್ ಗಟ್ಟಿ ಮಾಡಿ, ಅದನ್ನು ಮನೆಯ ಮತ್ತು ಫೋನಿನ ಅರ್ತಿಂಗಿನಿಂದ ಚೆನ್ನಾಗಿ ದೂರ ಇಡಿ, ಬೇಲಿಯನ್ನು ಫೋನ್ ತಂತಿಯ ಅಡಿಯಲ್ಲೇ ಉದ್ದಕ್ಕೆ ಎಳೆಯಬೇಡಿ. ಹಳೆಯ ರೇಡಿಯೋ ಮೂಲೆಯಲ್ಲಿದ್ದರೆ ಸೆಲ್ ಹಾಕಿ, ಮೀಡಿಯಂ ವೇವಿನಲ್ಲಿ ನಿಲಯ ಇಲ್ಲದ ಜಾಗಕ್ಕೆ ತಿರುಗಿಸಿ ಮನೆ ಸುತ್ತ ನಡೆಯಿರಿ. ಗದ್ದಲದ ಮೂಲ ಹತ್ತಿರ ಬಂದ ಹಾಗೆ ಸದ್ದು ಜೋರಾಗುತ್ತದೆ. ಅಗ್ಗದ ಎಲ್‌ಇಡಿ ಬಲ್ಬು, ಕಳಪೆ ಚಾರ್ಜರು, ಇನ್‌ವರ್ಟರು ಎಲ್ಲ ಹೀಗೆ ಸಿಕ್ಕಿಬೀಳುತ್ತವೆ.

ದೂರು ಕೊಡುವ ಮೊದಲು ಮನೆಯೊಳಗಿನ ಪರೀಕ್ಷೆ ಒಂದು ಮಾಡಲೇಬೇಕು. ಕಂಬದಿಂದ ಬಂದ ತಂತಿ ಮನೆಗೆ ಮೊದಲು ಸೇರುವ ಡಬ್ಬಿ ಉಂಟಲ್ಲ, ಅಲ್ಲಿಗೆ ಮೋಡೆಮ್ ಹಿಡಿದುಕೊಂಡು ಹೋಗಿ. ಚಾವಡಿ, ಮಾಳಿಗೆ, ಅಡಿಗೆಮನೆ ಅಂತ ಎಳೆದ ಪ್ಯಾರಲಲ್ ಲೈನ್ ಎಲ್ಲ ಬಿಚ್ಚಿ, ಸಣ್ಣ ವಯರಿನಲ್ಲಿ ನೇರ ಕೊಡಿ. ಹತ್ತು ನಿಮಿಷ ಬಿಟ್ಟು ಅಂಕಿ ಬರೆಯಿರಿ. ಅಲ್ಲಿ ಮಾರ್ಜಿನ್ 12, ಒಳಗೆ ಮೇಜಿನ ಮೇಲೆ 6 ಅಂತಾದರೆ ತೊಂದರೆ ನಮ್ಮ ಮನೆಯ ವಯರಿಂಗಿನದ್ದೇ. ನಮ್ಮ ಹಳೆ ಮನೆಗಳಲ್ಲಿ ಇದು ಬಹಳ. ಜೇಡರ ಬಲೆಯ ಹಾಗೆ ಎಳೆದಿಟ್ಟಿರುತ್ತೇವೆ, ಅರ್ಧದ ತುದಿಯಲ್ಲಿ ಫೋನೇ ಇರುವುದಿಲ್ಲ. ತುದಿ ಖಾಲಿ ಬಿಟ್ಟ ಅಂಥ ಕವಲು ಸಿಗ್ನಲ್ ತಿನ್ನುತ್ತದೆ. ಜೊತೆಗೆ ಪ್ರತಿ ಫೋನಿಗೂ ಫಿಲ್ಟರ್ ಬೇಕು, ಒಂದು ಫೋನಿಗೆ ತಪ್ಪಿದರೂ ಸಾಕು ಲೈನ್ ಕೆಡಿಸಲಿಕ್ಕೆ.

ಮಲ್ಟಿಮೀಟರ್ ಇದ್ದವರು ಆ ಡಬ್ಬಿಯಲ್ಲಿ ಡಿಸಿ ವೋಲ್ಟ್ ನೋಡಬಹುದು. ರಿಸೀವರ್ ಇಟ್ಟಿರುವಾಗ 48ರ ಆಸುಪಾಸು ಇರಬೇಕು. ಬಹಳ ಕೆಳಗಿದ್ದರೆ ಎಲ್ಲೋ ಸೋರಿಕೆ. ಬರಿಗೈಯಲ್ಲಿ ತುದಿ ಹಿಡಿಯಬೇಡಿ, ಅದೇ ಹೊತ್ತಿಗೆ ಯಾರಾದರೂ ಫೋನ್ ಮಾಡಿದರೆ ರಿಂಗಿನ ಕರೆಂಟ್ ಸರಿಯಾಗಿ ಬಡಿಯುತ್ತದೆ. ಗುಡುಗು ಇದ್ದ ದಿನ ಈ ಕೆಲಸವೇ ಬೇಡ. ಆ ದಿನ ಮಾಡಬೇಕಾದ್ದು ಒಂದೇ, ಕರೆಂಟಿನ ಪ್ಲಗ್ಗಿನ ಜೊತೆಗೆ ಫೋನ್ ವಯರನ್ನೂ ಮೋಡೆಮಿನಿಂದ ಎಳೆದಿಡುವುದು.

ಈಗ ನನ್ನ ವಾದದ ಮುಖ್ಯ ಭಾಗ. ಒಂದು ಮನೆಯ ಅಂಕಿ ಒಂದು ಮನೆಯ ಕಥೆ ಹೇಳುತ್ತದೆ. ಒಂದೇ ಕೇಬಲಿನ ಐದು ಮನೆಯ ಅಂಕಿ ಸೇರಿದರೆ ಜಾಯಿಂಟ್ ಎಲ್ಲಿ ಹಾಳು ಅಂತಲೇ ಹೇಳುತ್ತದೆ. ಕಳೆದ ಮಳೆಗಾಲ ನಮ್ಮ ದಾರಿಯ ಐದು ಮನೆಯವರು ಇದನ್ನು ಮಾಡಿದೆವು. ಬೇಸಿಗೆಯಲ್ಲಿ ಒಮ್ಮೆ ಬರೆದಿಟ್ಟಿದ್ದ ಅಂಕಿ ಇತ್ತು. ಮಳೆಯಲ್ಲಿ ಒಂದೇ ದಿನ, ಸಂಜೆ ಆರಕ್ಕೆ, ಐದೂ ಮನೆಯಲ್ಲಿ ಮತ್ತೆ ಬರೆದೆವು. ಮೋರಿಯ ಈಚೆಗಿನ ಎರಡು ಮನೆಗೆ ಹೆಚ್ಚು ಕಡಿಮೆ ಏನೂ ವ್ಯತ್ಯಾಸ ಇಲ್ಲ. ಆಚೆಗಿನ ಮೂರಕ್ಕೂ ಅಟೆನ್ಯುಯೇಶನ್ ನಾಲ್ಕೈದು ಏರಿದೆ, ಮಾರ್ಜಿನ್ 11, 12 ಇದ್ದದ್ದು 5ಕ್ಕೆ ಬಂದಿದೆ. ಇನ್ನು ಹುಡುಕುವುದೇನು? ಮೋರಿಯ ಹತ್ತಿರದ ಜಾಯಿಂಟ್. ಅದನ್ನೇ ಒಂದು ಹಾಳೆಯಲ್ಲಿ ಬರೆದು, ದೂರಿನ ನಂಬರ್ ಹಾಕಿ, ಲೈನ್‌ಮ್ಯಾನ್ ಕೈಗೆ ಕೊಟ್ಟೆವು. ಅವರು ನೇರ ಮೋರಿಗೆ ಹೋದರು. ಜಾಯಿಂಟ್ ಬಿಚ್ಚಿದಾಗ ಒಳಗೆ ನೀರು, ತಾಮ್ರ ಹಸಿರುಗಟ್ಟಿತ್ತು. ಮಧ್ಯಾಹ್ನದ ಊಟಕ್ಕೆ ಮೊದಲು ಮೂರೂ ಮನೆಯ ಮಾರ್ಜಿನ್ ವಾಪಸ್ ಹತ್ತು ದಾಟಿತು.

ಅದಕ್ಕೆ ಮೊದಲು ಅದೇ ಮೂರು ಮನೆಯವರು ಬೇರೆ ಬೇರೆಯಾಗಿ ಎಷ್ಟೋ ಸಲ ದೂರು ಕೊಟ್ಟಿದ್ದರು. ಪ್ರತಿ ಸಲ ಯಾರೋ ಬಂದು ಮನೆಯ ಡಬ್ಬಿ ಬಿಚ್ಚಿ, ತಿಕ್ಕಿ, ಮುಚ್ಚಿ ಹೋಗುತ್ತಿದ್ದರು. ಎರಡು ದಿನ ಬಿಸಿಲು ಬಿದ್ದರೆ ಸರಿಯಾಗುತ್ತಿತ್ತು, ದೂರು ಕ್ಲೋಸ್ ಆಗುತ್ತಿತ್ತು. ಮತ್ತೆ ಮಳೆ, ಮತ್ತೆ ದೂರು.

"ನಾವು ಬಿಲ್ ಕಟ್ಟುವವರು, ಇದೆಲ್ಲ ಅಳೆಯುವುದು ನಮ್ಮ ಕೆಲಸವಾ?" ಅಂತ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯದ್ದೇ. ಲೈನ್ ಸರಿ ಇಡುವುದು ಅವರ ಜವಾಬ್ದಾರಿ, ಅದರಲ್ಲಿ ಎರಡು ಮಾತಿಲ್ಲ. ಎಕ್ಸ್‌ಚೇಂಜಿನಲ್ಲಿ ಕೂತರೆ ಇದೇ ಅಂಕಿ ಅವರಿಗೂ ಕಾಣುತ್ತದೆ, ಅವರೇ ನೋಡಬೇಕಿತ್ತು. ಆದರೆ ಹಾಲು ಸೊಸೈಟಿಗೆ ಹಾಕುವಾಗ ಫ್ಯಾಟ್ ಎಷ್ಟು ಬಂತು ಅಂತ ಚೀಟಿ ನೋಡದೆ ಬರುತ್ತೇವಾ? ಅಡಿಕೆ ತೂಕ ಮಾಡುವಾಗ ಮುಳ್ಳು ನೋಡದೆ ಕಣ್ಣು ಮುಚ್ಚಿ ನಿಲ್ಲುತ್ತೇವಾ? ಅಳೆಯುವುದು ಅವರ ಕೆಲಸ, ನೋಡಿಕೊಳ್ಳುವುದು ನಮ್ಮ ಕೆಲಸ. ನಮ್ಮ ಕೈಯಲ್ಲಿ ಬರೆದ ಲೆಕ್ಕ ಉಂಟು ಅಂತ ಗೊತ್ತಾದರೆ ಎದುರಿನವರ ಉತ್ತರದ ಧಾಟಿಯೇ ಬೇರೆಯಾಗುತ್ತದೆ.

ಇನ್ನೊಂದು ಕಡೆಯಿಂದಲೂ ಯೋಚಿಸಿ. ಲೈನ್‌ಮ್ಯಾನ್ ನಮ್ಮ ಶತ್ರು ಅಲ್ಲ. ಮೊದಲು ನಾಲ್ಕು ಜನ ಮಾಡುತ್ತಿದ್ದ ಕೆಲಸವನ್ನು ಈಗ ಒಬ್ಬರು ಮಾಡುತ್ತಾರೆ, ಅವರೂ ಹೆಚ್ಚಾಗಿ ಗುತ್ತಿಗೆಯವರು. ಜೋರು ಮಳೆಯಲ್ಲಿ ಬೈಕಿನಲ್ಲಿ ಹತ್ತು ಕಿಲೋಮೀಟರ್ ಬಂದು, ಉಂಬಳ ಕಚ್ಚಿಸಿಕೊಂಡು ಕಾಡಿನ ದಾರಿಯಲ್ಲಿ ಕಂಬ ಕಂಬ ನೋಡಿಕೊಂಡು ಹೋಗಬೇಕು. "ಎಲ್ಲೋ ಹಾಳಾಗಿದೆ, ನೋಡಿ" ಅನ್ನುವುದಕ್ಕಿಂತ "ಮೋರಿಯ ಆಚೆ ನೋಡಿ" ಅನ್ನುವ ಹಾಳೆ ಅವರಿಗೂ ಎರಡು ಗಂಟೆ ಉಳಿಸುತ್ತದೆ. ನಮ್ಮಲ್ಲಿಗೆ ಬಂದವರು ಆ ಹಾಳೆಯ ಫೋಟೋ ಹೊಡೆದುಕೊಂಡು ಹೋದರು, ಇನ್ನೊಂದು ಊರಿನವರಿಗೆ ತೋರಿಸ್ತೇನೆ ಅಂತ.

"ತಾಮ್ರದ ಕಾಲ ಮುಗಿಯಿತು, ಇನ್ನು ಇದನ್ನು ಕಲಿತು ಏನು?" ಅನ್ನುವವರಿಗೂ ಉತ್ತರ ಉಂಟು. ನಮ್ಮ ಒಳಮನೆಗಳಿಗೆ ಫೈಬರ್ ಬರುವವರೆಗೆ ತಾಮ್ರವೇ ಗತಿ, ಬರುವ ದಿನ ಯಾರೂ ಹೇಳಿಲ್ಲ. ಬಂದ ಮೇಲೂ ಅಂಕಿ ಓದುವ ಅಭ್ಯಾಸ ಬಿಡಬೇಕಾಗಿಲ್ಲ, ಅಂಕಿ ಬದಲಾಗುತ್ತದೆ ಅಷ್ಟೇ. ಫೈಬರ್ ಡಬ್ಬಿಯ ಪುಟದಲ್ಲಿ ಆರ್‌ಎಕ್ಸ್ ಪವರ್ ಅಂತ ಮೈನಸ್ ಅಂಕಿ ಇರುತ್ತದೆ. ಮೈನಸ್ 20ರ ಸುತ್ತ ಇದ್ದರೆ ಚೆಂದ, ಮೈನಸ್ 25 ದಾಟಿದರೆ ಜಾಗ್ರತೆ, ಮೈನಸ್ 28ರ ಹತ್ತಿರ ಬಂದರೆ ನಿಲ್ಲುವ ಹಂತ. ಅಲ್ಲಿಯೂ 3 ಇಳಿದರೆ ಬೆಳಕು ಅರ್ಧ ಆದ ಹಾಗೆ. ಅಡಿಕೆ ಮರಕ್ಕೆ ಸುತ್ತಿ, ಚೂಪಾಗಿ ಬಗ್ಗಿಸಿ ಕಟ್ಟಿದ ಫೈಬರ್ ಮೊದಲ ಗಾಳಿಗೇ ಈ ಅಂಕಿಯಲ್ಲಿ ಸಿಕ್ಕಿಬೀಳುತ್ತದೆ. ಎಲ್‌ಒಎಸ್ ದೀಪ ಕೆಂಪಾದರೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ.

ಎಲ್ಲ ದೂರವೂ ಅಂಕಿಯಿಂದ ಸರಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. ಐದು ಕಿಲೋಮೀಟರ್ ಆಚೆಯ ಮನೆಗೆ 68 ಅಟೆನ್ಯುಯೇಶನ್ ಇದ್ದರೆ ಯಾವ ಜಾಯಿಂಟ್ ತಿಕ್ಕಿದರೂ ಅಲ್ಲಿ 8 ಎಂಬಿ ಬರುವುದಿಲ್ಲ. ಅಂಥವರಿಗೆ ಈ ಅಂಕಿ ಮಾಡುವ ಉಪಕಾರ ಬೇರೆ. ಸುಮ್ಮನೆ ದೊಡ್ಡ ಪ್ಲಾನಿಗೆ ದುಡ್ಡು ಕಟ್ಟುವುದು ತಪ್ಪುತ್ತದೆ. ಪಂಚಾಯಿತಿಯ ಗ್ರಾಮಸಭೆಯಲ್ಲಿ ಫೈಬರ್ ಕೇಳುವಾಗ, "ನಮಗೂ ಬೇಕು" ಅನ್ನುವುದರ ಬದಲು "ಈ ಏಳು ಮನೆಗೆ 60ಕ್ಕಿಂತ ಮೇಲೆ ಉಂಟು, ತಾಮ್ರದಲ್ಲಿ ಇಲ್ಲಿ ಆಗುವುದಿಲ್ಲ, ಮೊದಲು ಇವರಿಗೆ ಕೊಡಿ" ಅಂತ ಪಟ್ಟಿ ಇಡಬಹುದು. ಪಟ್ಟಿ ಇಟ್ಟವರ ಮಾತಿಗೆ ತೂಕ ಹೆಚ್ಚು.

ಹಾಗಾಗಿ ಈ ಸಲ ಒಂದು ಕೆಲಸ ಮಾಡುವಾ. ಪತ್ತನಾಜೆಗೆ ಮೊದಲು, ಬಿಸಿಲಿರುವ ಒಂದು ದಿನ, ಪ್ರತಿ ಮನೆಯವರೂ ಮೋಡೆಮಿನ ಪುಟ ತೆರೆದು ಐದು ಅಂಕಿ ಬರೆದಿಡಿ: ಅಟೆನ್ಯುಯೇಶನ್, ಮಾರ್ಜಿನ್, ಎರಡು ರೇಟ್, ಸಿಆರ್‌ಸಿ, ಅಪ್‌ಟೈಮ್. ತಾರೀಕು, ಗಂಟೆ ಹಾಕಿ. ಮಳೆ ಡೈರಿಯ ಕೊನೆಯ ಪುಟ ಸಾಕು, ಬೇರೆ ಪುಸ್ತಕ ಬೇಡ. ಚೆನ್ನಾಗಿರುವಾಗಿನ ಅಂಕಿ ಗೊತ್ತಿಲ್ಲದಿದ್ದರೆ ಹಾಳಾದಾಗಿನ ಅಂಕಿಗೆ ಅರ್ಥ ಇಲ್ಲ. ಆಮೇಲೆ ಜೂನ್ ಕೊನೆಗೆ ಒಮ್ಮೆ, ಆಟಿಯಲ್ಲಿ ಒಮ್ಮೆ, ತೊಂದರೆ ಬಂದ ದಿನ ಒಮ್ಮೆ. ಒಂದೇ ಕೇಬಲಿನವರು ಸೇರಿ ಒಂದು ಹಾಳೆ ಮಾಡಿ. ಪುಟ ತೆರೆಯಲಿಕ್ಕೆ ಗೊತ್ತಾಗದ ಹಿರಿಯರ ಮನೆಗೆ ಪಕ್ಕದ ಮನೆಯ ಹುಡುಗನೋ ಹುಡುಗಿಯೋ ಹೋಗಿ ಬರೆದುಕೊಡಲಿ, ಐದು ನಿಮಿಷದ ಕೆಲಸ.

ಹಾಳಾದ ಜಾಯಿಂಟಿಗೂ ಕೊಳೆರೋಗಕ್ಕೂ ಒಂದು ಸಾಮ್ಯ ಉಂಟು ಮಾರಾಯ್ರೆ. ಎರಡೂ ಶುರುವಾಗುವುದು ಒಂದು ಗೊನೆಯಲ್ಲಿ, ಒಂದು ತುದಿಯಲ್ಲಿ. ಆಗ ನೋಡಿದವರಿಗೆ ಸಣ್ಣ ಖರ್ಚು. ಕೆಳಗೆ ಉದುರಿದ ಮೇಲೆ ಲೆಕ್ಕ ಹಾಕಿದರೆ ನಷ್ಟದ ಲೆಕ್ಕ ಮಾತ್ರ ಸಿಗುವುದು.